ಮಲತಾಯಿ ಗೊಂಬೆಯೊಳಗಿನ ಕೈ

ಮೇಜಿನ ಕೆಳಗೆ ಕೂತು ದುಡಿದು ಹೊಟ್ಟೆ ಹೊರೆಯುವವರು ಲೋಕದಲ್ಲಿ ಹೆಚ್ಚು ಜನ ಇರಲಾರರು. ಗೊಂಬೆಯಕ್ಕ ಹನ್ನೊಂದು ವರ್ಷದಿಂದ ಹಾಗೆ ದುಡಿಯುತ್ತಿದ್ದಳು. ಮೇಜಿನ ಮೇಲೆ ಟೈ ಕಟ್ಟಿದ ಕಪ್ಪೆಯೊಂದು ವಾರ್ತೆ ಓದುತ್ತಿತ್ತು. ಮೇಜಿನ ಕೆಳಗೆ ಹಳೇ ಹಾಸಿಗೆಯ ತುಂಡಿನ ಮೇಲೆ ಅವಳೂ ಕಪ್ಪೆಯಣ್ಣನೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಬಲಗೈ ಮೇಲೆತ್ತಿ, ಕಾಲಬುಡದ ಪುಟ್ಟ ಪರದೆಯಲ್ಲಿ ತಮ್ಮದೇ ಕೈ ಏನು ಮಾಡುತ್ತಿದೆ ಎಂದು ನೋಡಿಕೊಂಡು ಮಾತಾಡುತ್ತಿದ್ದರು. ಕಪ್ಪೆಯೊಳಗೆ ಕೈ ಹಾಕುವವನಾದ್ದರಿಂದ ಅವನಿಗೆ ಆ ಹೆಸರೇ ನಿಂತುಬಿಟ್ಟಿತ್ತು. ಉಳಿದ ಗೊಂಬೆಗಳೆಲ್ಲ ಅವಳವು: ವರದಿಗಾರ್ತಿ ಕೋಳಿ, ಹಲ್ಲುನೋವಿನ ರಾಕ್ಷಸಿ, ಏನು ಕೇಳಿದರೂ ‘ನಮ್ ವಕೀಲರನ್ನ ಕೇಳಿ’ ಎನ್ನುವ ತೋಳ.

ಕಾರ್ಯಕ್ರಮದ ಹೆಸರು ‘ಒಂದಾನೊಂದು ವಾರ್ತೆ’. ಶನಿವಾರ ಸಂಜೆ ಐದಕ್ಕೆ ಟಿವಿಯಲ್ಲಿ ಬರುತ್ತಿತ್ತು. ಅಜ್ಜಿಕಥೆಗಳಲ್ಲಿ ನಡೆದದ್ದನ್ನೆಲ್ಲ ಇವತ್ತು ಬೆಳಿಗ್ಗೆ ತಾನೇ ನಡೆದ ಸುದ್ದಿಯ ಹಾಗೆ ಓದುವುದು ಅದರ ತಮಾಷೆ. ‘ತೋಳವೊಂದು ಜೋರಾಗಿ ಊದುವ ಸಂಭವವಿದ್ದು, ಹುಲ್ಲಿನ ಮನೆಯವರು ಕೂಡಲೇ ಇಟ್ಟಿಗೆ ಮನೆಯ ನೆಂಟರಲ್ಲಿಗೆ ಹೋಗತಕ್ಕದ್ದು’ ಎಂದು ಹವಾಮಾನ. ‘ಆಮೆ ಮೊಲಗಳ ಓಟದ ನೇರ ಪ್ರಸಾರ ಇಪ್ಪತ್ತಮೂರನೆಯ ದಿನಕ್ಕೆ ಕಾಲಿಟ್ಟಿದೆ, ಆಮೆ ಬರುತ್ತಾ ಇದೆ’ ಎಂದು ಕ್ರೀಡೆ.

ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಊರಿಗೆ ಊರೇ ಮಾತಾಡಿಕೊಳ್ಳುವಂತೆ ಆದದ್ದು ಮಲತಾಯಿ ಬಂದ ಮೇಲೆ. ನೇರಳೆ ಬಟ್ಟೆಯ, ಚೂಪು ಗಲ್ಲದ ಆ ಗೊಂಬೆ ವಾರಕ್ಕೊಂದು ಕಥೆಯ ಮಲತಾಯಿಯಾಗಿ ಸಂದರ್ಶನಕ್ಕೆ ಬಂದು ಕೂರುವಳು. ‘ರಾಜಕುಮಾರಿಗೆ ವಿಷ ಕೊಟ್ಟಿದ್ದು ನಿಜವೇ?’ ಎಂದು ಕಪ್ಪೆ ಕೇಳಿದರೆ, ‘ಒಂದ್ ನಿಮಿಷ, ಒಂದೇ ನಿಮಿಷ’ ಎಂದು ಕನ್ನಡಕ ಹುಡುಕುವಳು. ಕನ್ನಡಕ ಹಣೆಯ ಮೇಲೇ ಇರುವುದು. ಮೇಜು, ಕುರ್ಚಿ, ಕಪ್ಪೆಯ ಬಾಯಿ ಎಲ್ಲ ತಡಕಾಡಿ, ಕಡೆಗೆ ಸಿಕ್ಕಮೇಲೆ ಬಾಟಲಿಯನ್ನು ತಿರುಗಿಸಿ ತಿರುಗಿಸಿ ಓದಿ, ‘ನೋಡಿ ಸ್ವಾಮಿ, ತಾರೀಖು ಸರಿಯಾಗೇ ಇದೆ. ಅವಧಿ ಮುಗಿದ ವಿಷ ಕೊಡೋ ಮನೆತನ ಅಲ್ಲ ನಮ್ದು. ಊಟ ಆದ್ಮೇಲೆ ಎರಡು ಚಮಚ!’ ಎನ್ನುವಳು. ಮೊದಲ ಸಲ ಇದನ್ನು ಮಾಡಿದಾಗ ಕಪ್ಪೆಯಣ್ಣ ನಕ್ಕ ರಭಸಕ್ಕೆ ಕಪ್ಪೆ ಕುರ್ಚಿಯಿಂದ ಉರುಳಿಬಿದ್ದಿತ್ತು. ನಿರ್ಮಾಪಕರು ಅದನ್ನೂ ತೆಗೆಯದೆ ಹಾಗೇ ಬಿಟ್ಟರು.

“ಎಲ್ಲಿಂದ ತಂದ್ರಿ ಮೇಡಂ ಇವಳನ್ನ?” ಎಂದು ಅವರು ಕೇಳಿದಾಗ ಗೊಂಬೆಯಕ್ಕ, “ಹಾಗೇ ಹೊಳೀತು ಸರ್” ಎಂದಳು. ಹೊಳೆದದ್ದಲ್ಲ. ಅಣ್ಣನ ಅಡುಗೆಮನೆಯಲ್ಲಿ ಕೂತು ಕದ್ದದ್ದು.

ಅವಳ ಅಣ್ಣ ದೂರದ ರೈಲುಗಳಲ್ಲಿ ಗಾರ್ಡು. ಮೂರು ದಿನ ಮನೆಯಲ್ಲಿದ್ದರೆ ನಾಲ್ಕು ದಿನ ಹಳಿಯ ಮೇಲೆ. ಮೊದಲ ಹೆಂಡತಿ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಗೊಂಬೆಯಕ್ಕ ತನ್ನ ಹೊಲಿಗೆಯಂತ್ರವನ್ನೂ ಎರಡು ಪೆಟ್ಟಿಗೆಯನ್ನೂ ತೆಗೆದುಕೊಂಡು ಅಣ್ಣನ ಮನೆಗೆ ಹೋದವಳು ಮೂರು ವರ್ಷ ಅಲ್ಲಿದ್ದಳು. ಮಗುವಿಗೆ ‘ಇಣಚಿ’ ಎಂದು ಹೆಸರಿಟ್ಟವಳೂ ಅವಳೇ. ಅಳಿಲಿನ ಹಾಗೆ ತುತ್ತನ್ನು ಕೆನ್ನೆಯಲ್ಲಿ ತುಂಬಿಕೊಂಡು ಅರ್ಧ ಗಂಟೆ ನುಂಗದೆ ಕೂರುವುದು ಅದರ ಅಭ್ಯಾಸ. ಜಡೆ ಹಾಕಿದ್ದು, ಶಾಲೆಗೆ ಬಿಟ್ಟದ್ದು, ಹಲ್ಲು ಬಿದ್ದಾಗ ಕೈಯಲ್ಲಿ ಹಿಡಿದು ಸಮಾಧಾನ ಮಾಡಿದ್ದು, ಎಲ್ಲ ಅವಳೇ. ಆಮೇಲೆ, ಹೋದ ವರ್ಷ, ಅಣ್ಣ ಇನ್ನೊಂದು ಮದುವೆಯಾದ. ಹೊಸ ಅತ್ತಿಗೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಮಾತು ಕಮ್ಮಿ. ಮನೆಗೆ ಬಂದ ಮಾರನೆಯ ದಿನವೇ ಅಡುಗೆಮನೆಯ ಡಬ್ಬಿ, ಸೀಸೆಗಳನ್ನೆಲ್ಲ ಒಂದೊಂದಾಗಿ ಇಳಿಸಿ, ಹಣೆಗೇರಿಸಿದ ಕನ್ನಡಕವನ್ನು ಮನೆಯೆಲ್ಲ ಹುಡುಕಿ, ತಾರೀಖು ಓದಿ, ಹಳೆಯವನ್ನೆಲ್ಲ ಎಸೆದಳು. ಎಸೆದದ್ದರಲ್ಲಿ ಅರ್ಧಕ್ಕರ್ಧ ಗೊಂಬೆಯಕ್ಕ ತಂದಿಟ್ಟದ್ದು.

ಗೊಂಬೆಯಕ್ಕ ಎರಡು ಬೀದಿಯಾಚೆಯ ತನ್ನ ಕೋಣೆಗೆ ವಾಪಸು ಬಂದಳು. ಹೋಗು ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರವಾಗಬಹುದಿತ್ತು. ಜಗಳಕ್ಕೆ ಕಾರಣ ಸಿಗದ ಹೊಟ್ಟೆಕಿಚ್ಚು ಹೋಗಿ ಹೋಗಿ ಆ ನೇರಳೆ ಗೊಂಬೆಯಲ್ಲಿ ಸೇರಿಕೊಂಡಿತು.

ಇಣಚಿಗೆ ಇದೊಂದೂ ತಿಳಿಯದು. ಒಂದು ಭಾನುವಾರ ಅತ್ತೆಯ ತೊಡೆಯ ಮೇಲೆ ಕೂತು ಅದು ಕೇಳಿತು: “ಅತ್ತೆ, ಕೋಳಿ ಒಳಗೆ ನೀನೇ ಇರೋದು ಅಂತ ನಂಗೊತ್ತು. ಮಲತಾಯಿ ಒಳಗೆ ಯಾರಿದಾರೆ?”

ಗೊಂಬೆಯಕ್ಕ ಬಾಗಿಲ ಕಡೆ ನೋಡಿದಳು. ಅಡುಗೆಮನೆಯಲ್ಲಿ ಅತ್ತಿಗೆ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. “ಅವಳೊಳಗೆ ಯಾರೂ ಇಲ್ಲ ಕಣೆ. ತಾನೇ ಬರ್ತಾಳೆ, ತಾನೇ ಮಾತಾಡ್ತಾಳೆ, ತಾನೇ ಹೋಗ್ತಾಳೆ” ಎಂದಳು ದನಿ ತಗ್ಗಿಸಿ. ಮಗುವಿನ ಕಣ್ಣು ಅಗಲವಾಯಿತು. ಗೊಂಬೆಯಕ್ಕನಿಗೆ ನಗು ಬಂತು.

ಮಳೆಗಾಲ ಮುಗಿದು ಚಳಿ ಹಿಡಿಯುವ ಹೊತ್ತಿಗೆ ಇಣಚಿಗೆ ಜ್ವರ ಬಂತು. ಅಣ್ಣ ಊರಲ್ಲಿರಲಿಲ್ಲ. ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಅತ್ತಿಗೆ ತನ್ನ ಅಂಗಡಿಯಿಂದಲೇ ತಂದು ಕೊಡುತ್ತಿದ್ದಾಳೆ ಎಂದು ಗೊಂಬೆಯಕ್ಕ ಫೋನಿನಲ್ಲಿ ಕೇಳಿ ತಿಳಿದಿದ್ದಳು. ಔಷಧಿಯವಳೇ ಮನೆಯಲ್ಲಿರುವಾಗ ತಾನೇಕೆ ನಡುವೆ ಹೋಗಲಿ ಎಂದು ಬಿಗಿದುಕೊಂಡು ಸುಮ್ಮನಿದ್ದಳು. ಐದನೆಯ ದಿನ ಮಧ್ಯಾಹ್ನ, ಮಲತಾಯಿಗೆ ಹೊಸ ತೋಳು ಹೊಲಿಯುತ್ತಿದ್ದಾಗ, ಅತ್ತಿಗೆಯ ಫೋನು ಬಂತು.

“ಸ್ವಲ್ಪ ಬರ್ತೀರಾ? ಮಗೂನ ಆಸ್ಪತ್ರೆಗೆ ಸೇರಿಸ್ಬೇಕಾಯ್ತು.”

ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಓಡಿದಳು. ಮಕ್ಕಳ ವಾರ್ಡಿನ ಮೂಲೆಯ ಮಂಚದಲ್ಲಿ ಇಣಚಿ ಮಲಗಿತ್ತು. ತುಟಿ ಒಡೆದಿತ್ತು, ಕೈಗೆ ಡ್ರಿಪ್ ಚುಚ್ಚಿ, ಅದು ಅಲುಗದಂತೆ ರಟ್ಟಿನ ತುಂಡು ಕಟ್ಟಿದ್ದರು. ಉಸಿರು ಎಳೆದಾಗೆಲ್ಲ ಎದೆಯಲ್ಲಿ ಕಾಗದ ಮುದುಡಿದಂಥ ಸದ್ದು. ಪಕ್ಕದಲ್ಲಿ ಅತ್ತಿಗೆ ಅಂಗಡಿಯ ಬಿಳಿಕೋಟಿನಲ್ಲೇ ನಿಂತಿದ್ದಳು. ಕೈಯಲ್ಲಿ ಸಿರಪ್ಪಿನ ಬಾಟಲಿ.

“ಮೂರು ಸಲ ಲೆಕ್ಕ ಹಾಕ್ದೆ. ಅವಳ ತೂಕಕ್ಕೆ ಎರಡು ಚಮಚ ಸರಿ. ಹೊತ್ತು ತಪ್ಪಿಸಿಲ್ಲ. ಎಲ್ಲಿ ಎಡವಿದೆ ಅಂತಾನೇ ಗೊತ್ತಾಗ್ತಿಲ್ಲ” ಎಂದಳು. ಹೇಳುತ್ತ ಮತ್ತೆ ಬಾಟಲಿಯನ್ನು ತಿರುಗಿಸಿದಳು. ಗೊಂಬೆಯಕ್ಕ ಬೇರೆ ಕಡೆ ನೋಡಿದಳು.

ಡಾಕ್ಟರು ಬಂದು, ನಾಲ್ಕು ದಿನ ಔಷಧಿ ತೆಗೆದುಕೊಂಡೂ ಇಷ್ಟು ಕಫ ಕಟ್ಟಿದೆ ಎಂದರೆ ಆ ಔಷಧಿ ಹಿಡಿಸಿಲ್ಲ ಎಂದೇ ಅರ್ಥ, ಸಂಜೆಯವರೆಗೆ ನೋಡಿ ಇನ್ನೂ ಬಲವಾದದ್ದನ್ನು ಕೊಡಬೇಕಾಗುತ್ತದೆ ಎಂದರು. ಅತ್ತಿಗೆ ಮಗುವಿನ ಬಟ್ಟೆ ತರಲು ಮನೆಗೆ ಹೋದಳು. ಅವಳ ಹೆಜ್ಜೆ ಸದ್ದು ಕರಗಿದ ಮೇಲೆ ಇಣಚಿ ಕಣ್ಣು ತೆರೆಯಿತು.

“ಅತ್ತೆ, ಒಂದು ಗುಟ್ಟು.”

“ಹೇಳು ಕಂದ.”

“ನಾನು ಒಂದು ಚಮಚಾನೂ ನುಂಗಿಲ್ಲ. ಕೆನ್ನೇಲಿಟ್ಕೊಂಡು ಬಚ್ಚಲಲ್ಲಿ ಉಗಿದೆ.”

“ಯಾಕೆ? ಕಹಿ ಇತ್ತಾ?”

“ಕಿತ್ತಳೆಹಣ್ಣಿನ ಹಾಗೆ ಸಿಹಿ ಇತ್ತು.” ಮಗು ಬಾಗಿಲ ಕಡೆ ನೋಡಿ ದನಿ ಇನ್ನೂ ತಗ್ಗಿಸಿತು. “ವಿಷಾನೂ ಸಿಹಿ ಇರತ್ತೆ ಅಂತ ಒಂದು ಶನಿವಾರ ಕಪ್ಪೆ ಹೇಳ್ತಲ್ಲ. ಚಿಕ್ಕಮ್ಮ ಕನ್ನಡಕ ಹುಡುಕಿದ್ರು. ಬಾಟ್ಲಿ ತಿರುಗಿಸಿ ತಾರೀಖು ಓದಿದ್ರು. ಊಟ ಆದ್ಮೇಲೆ ಎರಡು ಚಮಚ ಅಂದ್ರು. ಹಾಗೇ ಅತ್ತೆ, ಒಂದಕ್ಷರ ಬಿಡದೆ ಹಾಗೇ. ನೀನು ಯಾರಿಗೂ ಹೇಳ್ಬೇಡ. ಹೇಳಿದ್ರೆ ಅವರಿಗೆ ಗೊತ್ತಾಗತ್ತೆ, ನಂಗೆ ಗೊತ್ತಾಯ್ತು ಅಂತ.”

ಎಂಟು ವರ್ಷದ ಮಗು ನಾಲ್ಕು ದಿನ ವಿಷ ಕೊಡುವವಳ ಜೊತೆ ಒಂದೇ ಮನೆಯಲ್ಲಿದ್ದೇನೆ ಎಂದುಕೊಂಡು, ಹೆದರಿಕೆಯನ್ನು ಕೆನ್ನೆಯಲ್ಲಿಟ್ಟುಕೊಂಡು ಮಲಗಿದೆ. ಗೊಂಬೆಯಕ್ಕ ಎರಡು ಬೀದಿಯಾಚೆ ಕೂತು ಆ ವಿಷಗಾತಿಗೆ ತೋಳು ಹೊಲಿಯುತ್ತಿದ್ದಳು.

ಅಷ್ಟು ತಿಳಿದ ಮೇಲೂ ಅವಳು ಮಾಡಿದ್ದು ಅರ್ಧ ಕೆಲಸ. ನರ್ಸಮ್ಮನ ಹತ್ತಿರ ಹೋಗಿ, “ಮಗು ಔಷಧಿ ನುಂಗಿಲ್ವಂತೆ, ಉಗುಳಿದೆಯಂತೆ, ಡಾಕ್ಟರಿಗೆ ಹೇಳಿಬಿಡಿ” ಎಂದಳು. ಯಾಕೆ ಎಂದು ಅವರು ಕೇಳಿದಾಗ, “ಕಹಿ ಅಂತ” ಎಂದಳು. ಡಾಕ್ಟರು ಬಂದರು, ಮೊದಲಿನ ಔಷಧಿಯನ್ನೇ ಡ್ರಿಪ್ಪಿನಲ್ಲಿ ಕೊಟ್ಟರೆ ಸಾಕು ಎಂದರು. ಅಲ್ಲಿಗೆ ಮಗುವಿನ ಅಪಾಯ ಕಳೆಯಿತು. ಗೊಂಬೆಯಕ್ಕನ ಅಪಾಯವೂ ಕಳೆದಂತಾಯಿತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಆದರೂ ಬಾಯಿ ಬಿಡಲಿಲ್ಲ.

ಬಟ್ಟೆಯ ಚೀಲದೊಂದಿಗೆ ವಾಪಸು ಬಂದ ಅತ್ತಿಗೆ ಸುದ್ದಿ ಕೇಳಿ ಹಾಗೇ ಕುರ್ಚಿಯಲ್ಲಿ ಕೂತಳು. “ಕಹಿನಾ? ಕಿತ್ತಳೆ ರುಚೀದು ಅಲ್ವಾ ನಾನು ಕೊಟ್ಟಿದ್ದು…” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಮತ್ತೆ, “ಕೊನೇಲಿ ಒಂಚೂರು ಕಹಿ ಉಳಿಯತ್ತೆ, ಹೌದು. ನಾನು ಕುಡಿದು ನೋಡ್ಬೇಕಿತ್ತು” ಎಂದಳು.

ಆಗ ಅಣ್ಣನ ಫೋನು. ಅವನು ಯಾವುದೋ ದೂರದ ನಿಲ್ದಾಣದಲ್ಲಿದ್ದ. ಹಿಂದೆ ರೈಲಿನ ಗದ್ದಲ, ಅದರ ಮೇಲೆ ಅವನ ದನಿ. ಪಕ್ಕದಲ್ಲಿದ್ದ ಗೊಂಬೆಯಕ್ಕನಿಗೂ ಕೇಳಿಸಿತು. “ಊರಿಗೆಲ್ಲ ಔಷಧಿ ಹಂಚ್ತೀಯ, ಮನೇಲಿರೋ ಒಂದು ಮಗೂಗೆ ಕುಡಿಸೋಕಾಗ್ಲಿಲ್ವಾ ನಿಂಗೆ? ಹೆತ್ತವಳಾಗಿದ್ರೆ ಬಾಯಿ ತೆಗೆಸಿ ನೋಡಿರ್ತಿದ್ಳು!”

ಅತ್ತಿಗೆ, “ಹೌದು, ನನ್ ತಪ್ಪು” ಎಂದಳು. ಎರಡು ಸಲ ಅಂದಳು. ಗೊಂಬೆಯಕ್ಕ ಕುಡಿಯುವ ನೀರು ತರುವ ನೆಪ ಮಾಡಿ ಎದ್ದುಹೋದಳು. ನೀರಿನ ನಲ್ಲಿಯ ಮುಂದೆ ಲೋಟ ತುಂಬಿ ಹರಿದರೂ ನಿಂತೇ ಇದ್ದಳು. ಹಿಂದೆ ನಿಂತವರು, “ಅಮ್ಮಾ, ತುಂಬಿತು” ಎಂದ ಮೇಲೆ ಪಕ್ಕಕ್ಕೆ ಸರಿದಳು.

ಮಾರನೆಯ ಬೆಳಿಗ್ಗೆ ಮಗುವಿನ ಜ್ವರ ಒಂದಿಷ್ಟು ಇಳಿದಿತ್ತು. ಗೊಂಬೆಯಕ್ಕ ಆಸ್ಪತ್ರೆಗೆ ಬರುವ ಹೊತ್ತಿಗೆ ಅತ್ತಿಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ನಾಲ್ಕು ಸಿರಪ್ಪಿನ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು, ಚಮಚದಲ್ಲಿ ಒಂದೊಂದನ್ನೇ ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದಳು. ಎಲ್ಲ ಒಂದೇ ಔಷಧಿ, ಬೇರೆ ಬೇರೆ ರುಚಿ.

“ಮನೆಗೆ ಹೋದ್ಮೇಲೂ ಐದು ದಿನ ಕೊಡ್ಬೇಕಂತೆ. ಇದು ಬಾಳೆಹಣ್ಣಿಂದು, ಪರವಾಗಿಲ್ಲ. ಇದು ಬೇಡ, ನಾಲಿಗೆ ಹಿಡಿಯತ್ತೆ. ನೀವೂ ಒಂಚೂರು ನೋಡ್ತೀರಾ? ಅವಳ ರುಚಿ ನನಗಿಂತ ನಿಮಗೆ ಗೊತ್ತು.” ಚಮಚವನ್ನು ಮುಂದೆ ಚಾಚಿದಳು.

ಗೊಂಬೆಯಕ್ಕ ಚಮಚ ತೆಗೆದುಕೊಳ್ಳಲಿಲ್ಲ. “ಅತ್ತಿಗೆ, ಅದನ್ನೆಲ್ಲ ಒಳಗಿಡಿ. ಕಹಿ ಅಂತ ಅವಳು ಉಗುಳಿದ್ದಲ್ಲ” ಎಂದಳು.

ಆಮೇಲೆ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರುಮಾಡುವ ಧೈರ್ಯ ಬರಲಾರದು ಎಂದು ಗೊತ್ತಿತ್ತು. ಕೆನ್ನೆಯಲ್ಲಿಟ್ಟುಕೊಂಡದ್ದು, ಬಚ್ಚಲು, ಮಗು ಹೇಳಿದ ಮಾತು ಎಲ್ಲ ಹೇಳಿದಳು. “ಆ ಗೊಂಬೆ ನೀವು. ನಿಮ್ಮನ್ನ ನೋಡಿ ನೋಡಿ ಮಾಡಿದ್ದು. ಮಾತೂ ನಂದೇ, ಕೈನೂ ನಂದೇ. ನೆನ್ನೆ ಅಣ್ಣ ಬೈದಾಗ ಹೇಳ್ಬೇಕಿತ್ತು. ಹೇಳ್ಲಿಲ್ಲ.”

ಅತ್ತಿಗೆ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡುತ್ತಿದ್ದಳು. “ಗೊಂಬೆ ನಾನೇ ಅಂತ ಗೊತ್ತಿತ್ತು” ಎಂದಳು.

“ಗೊತ್ತಿತ್ತಾ?”

“ಎರಡನೇ ವಾರಾನೇ. ಅಂಗಡಿಗೆ ಬಂದೋರು ಊಟ ಆದ್ಮೇಲೆ ಎಷ್ಟು ಚಮಚ ಮೇಡಂ ಅಂತ ಕೇಳಿ ಕಿಸಿಕಿಸಿ ನಗೋಕೆ ಶುರು ಮಾಡಿದ್ರು. ಮೊದಮೊದಲು ಬೇಜಾರಾಗೋದು. ಆಮೇಲೆ ಬಿಟ್ಟೆ.”

“ನನ್ನ ಒಂದು ಮಾತು ಕೇಳ್ಬಾರದಿತ್ತಾ?”

“ಕೇಳೋಣ ಅಂತಿದ್ದೆ. ಆದ್ರೆ ಶನಿವಾರ ಐದು ಗಂಟೆಗೆ ಅವಳೇ ಬಂದು ನನ್ನ ಪಕ್ಕ ಕೂರೋಳು. ಬೇರೆ ಯಾವತ್ತೂ ಕೂರಲ್ಲ. ಗೊಂಬೆ ಮಾತಾಡಿದಾಗೆಲ್ಲ ತಿರುಗಿ ನನ್ನ ಮುಖ ನೋಡೋಳು. ನಾನೂ ನಗ್ತಿದ್ದೆ. ಕೇಳಿದ್ರೆ ನೀವು ಗೊಂಬೇನ ನಿಲ್ಲಿಸಿಬಿಡ್ತೀರಿ, ಆಮೇಲೆ ಅವಳು ಬಂದು ಕೂರಲ್ಲ ಅಂತ…”

ಮಾತು ಅಲ್ಲಿಗೇ ನಿಂತಿತು. ಮಗು ಪ್ರತಿ ಶನಿವಾರ ತನ್ನ ಮುಖದಲ್ಲಿ ಏನನ್ನು ಹುಡುಕುತ್ತಿತ್ತು ಎಂಬುದು ಅವಳಿಗೆ ಆಗ ಹೊಳೆಯಿತು. ಬಾಟಲಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು. ಗೊಂಬೆಯಕ್ಕ ಅವಳ ಕೈ ಮುಟ್ಟಲು ಹೋದಾಗ ಮೆಲ್ಲನೆ ಕೈ ಹಿಂದಕ್ಕೆ ತೆಗೆದುಕೊಂಡಳು.

“ಈಗ ನೀವು ಮನೆಗೆ ಹೋಗಿ” ಎಂದಳು. “ನಂಗೆ ಸಿಟ್ಟು ಬಂದಿದೆ. ಅವಳ ಮುಂದೆ ಸಿಟ್ಟು ಮಾಡ್ಕೊಂಡ್ರೆ ಅವಳು ಇನ್ನೂ ಹೆದರ್ತಾಳೆ.” ಗೊಂಬೆಯಕ್ಕ ಮೆಟ್ಟಿಲವರೆಗೆ ಹೋದಾಗ ಹಿಂದಿನಿಂದ ಕರೆದು ಸೇರಿಸಿದಳು: “ಅವಳಿಗೆ ನೀವೇ ಹೇಳ್ಬೇಕು. ನಾನು ಹೇಳಿದ್ರೆ ನಂಬಲ್ಲ.”

ಆ ಮಧ್ಯಾಹ್ನ ಗೊಂಬೆಯಕ್ಕ ಅಣ್ಣನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವನು ಬೈಯಲಿಲ್ಲ. “ನಾನು ಅವಳಿಗೆ ಏನೇನೋ ಅಂದ್ನಲ್ಲೇ” ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಇಣಚಿ ಮನೆಗೆ ಬಂದ ಮಾರನೆಯ ದಿನ ಗೊಂಬೆಯಕ್ಕ ಗೊಂಬೆಯನ್ನು ಚೀಲದಲ್ಲಿಟ್ಟುಕೊಂಡು ಹೋದಳು. ದಾರಿಯಲ್ಲಿ ಎರಡು ಸಲ ನಿಂತಳು. ಮಗು ಮಂಚದ ಮೇಲೆ ದಿಂಬಿಗೆ ಒರಗಿ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿತ್ತು. ಅತ್ತಿಗೆ ಕೋಣೆಯ ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ.

ಚೀಲದಿಂದ ನೇರಳೆ ಬಟ್ಟೆ ಕಂಡದ್ದೇ ಮಗು ಗೋಡೆಗೆ ಸರಿಯಿತು. “ಹೆದರ್ಬೇಡ ಕಂದ. ನೋಡು” ಎಂದು ಗೊಂಬೆಯಕ್ಕ ತನ್ನ ಬಲಗೈಯನ್ನು ಮೊಣಕೈವರೆಗೆ ಬರಿದು ಮಾಡಿ ತೋರಿಸಿದಳು, ಅದನ್ನು ಮಗುವಿನ ಕಣ್ಣೆದುರೇ ಗೊಂಬೆಯ ಬುಡದಿಂದ ಒಳಗೆ ತೂರಿಸಿದಳು. ಗೊಂಬೆ ತಲೆಯೆತ್ತಿತು. “ಒಂದ್ ನಿಮಿಷ, ಒಂದೇ ನಿಮಿಷ” ಎಂದಿತು. ಅತ್ತೆಯ ತುಟಿ ಅಲುಗಿದ್ದನ್ನು ಮಗು ನೋಡಿತು.

“ತೆಗಿ” ಎಂದಿತು.

ಗೊಂಬೆಯಕ್ಕ ಕೈ ತೆಗೆದಳು. ಗೊಂಬೆ ಹೊದಿಕೆಯ ಮೇಲೆ ಚಪ್ಪಟೆಯಾಗಿ ಬಿತ್ತು. ಮಗು ಅದನ್ನು ಎತ್ತಿ, ಬುಡವನ್ನು ಅಗಲಿಸಿ, ಒಳಗೆ ಇಣುಕಿತು. ತನ್ನದೇ ಪುಟ್ಟ ಕೈಯನ್ನು ಒಳಗೆ ಹಾಕಿ ತೆಗೆಯಿತು.

“ಎಲ್ಲಾ ನೀನೇನಾ? ಎಲ್ಲಾ ವಾರಾನೂ?”

“ಎಲ್ಲಾ ವಾರಾನೂ. ಚಿಕ್ಕಮ್ಮ ನಿಂಗೆ ಕೊಟ್ಟಿದ್ದು ಒಳ್ಳೇ ಔಷಧಿ. ಅವರು ಯಾವ ಕಥೇಲೂ ಇಲ್ಲ. ಅವರನ್ನ ಅಣಕಿಸಿ ಅಣಕಿಸಿ ಕಥೆಯೊಳಗೆ ತುರುಕಿದ್ದು ನಾನು.”

“ಯಾಕೆ?”

ಇದಕ್ಕೆ ಹೇಳಲು ಅವಳು ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಬಂದಿದ್ದಳು. ಒಂದೂ ಬಾಯಿಗೆ ಬರಲಿಲ್ಲ. “ಹೊಟ್ಟೆಕಿಚ್ಚಿಗೆ. ನೀನು ಅವರನ್ನ ಹಚ್ಕೊಂಡ್ರೆ ನನ್ ಹತ್ರ ಬರೋದು ಬಿಟ್ಬಿಡ್ತೀಯ ಅಂತ ಹೆದರಿಕೆ ಇತ್ತು.”

ಮಗು ಗೊಂಬೆಯನ್ನು ಎರಡು ಬೆರಳಲ್ಲಿ ಹಿಡಿದು ಮಂಚದಾಚೆಗೆ ಇಟ್ಟಿತು.

“ಒಳಗೆ ಯಾರೂ ಇಲ್ಲ ಅಂತ ನೀವು ಹೇಳಿದ್ರಿ” ಎಂದಿತು.

ಮಾತು ಕಲಿತಾಗಿನಿಂದ ಅತ್ತೆಯನ್ನು ‘ನೀನು’ ಎನ್ನುತ್ತಿದ್ದ ಮಗು ‘ನೀವು’ ಎಂದಿತು. ಗೊಂಬೆಯಕ್ಕ ತಲೆ ತಗ್ಗಿಸಿ, “ಹೌದು. ಸುಳ್ಳು ಹೇಳಿದ್ದೆ” ಎಂದಳು. ಬಾಗಿಲಲ್ಲಿದ್ದ ಅತ್ತಿಗೆ ಔಷಧಿಯ ಹೊತ್ತಾದಾಗ ಒಳಗೆ ಬಂದು, ಚಮಚವನ್ನು ಮಗುವಿನ ಕೈಗೇ ಕೊಟ್ಟಳು. ಮಗು ಚಿಕ್ಕಮ್ಮನ ಮುಖ ನೋಡಿತು, ಅತ್ತೆಯ ಮುಖ ನೋಡಿತು, ಕಣ್ಣು ಬಿಗಿಯಾಗಿ ಮುಚ್ಚಿ ನುಂಗಿತು. ಆಮೇಲೆ ಬಾಯಿ ತೆರೆದು ತೋರಿಸಿತು, ತೋರಿಸಿದ್ದು ಚಿಕ್ಕಮ್ಮನಿಗೆ.

ಮಂಗಳವಾರ ಚಿತ್ರೀಕರಣಕ್ಕೆ ಹೋದಾಗ ಗೊಂಬೆಯಕ್ಕ, ಮಲತಾಯಿ ಇನ್ನು ಬರುವುದಿಲ್ಲ ಎಂದಳು. ನಿರ್ಮಾಪಕರು ಹೌಹಾರಿದರು. “ಮಕ್ಕಳು ನೋಡೋದೇ ಅವಳನ್ನ ಮೇಡಂ! ಏನು ಕಾರಣ ಹೇಳ್ಲಿ ನಾನು?” ಅವಳು ಕಾರಣ ಹೇಳಿದಳು, ಏನನ್ನೂ ಬಚ್ಚಿಡದೆ. ಅವರು ಪೆನ್ನಿನ ಕ್ಯಾಪು ತೆಗೆಯುತ್ತ ಹಾಕುತ್ತ ಕೇಳಿ, “ಒಂದು ಮಗು ಅಲ್ವಾ?” ಎಂದರು. “ನಮಗೆ ಗೊತ್ತಾಗಿದ್ದು ಒಂದು” ಎಂದ ಕಪ್ಪೆಯಣ್ಣ. ಅವನಿಗೂ ಮನೆಯಲ್ಲಿ ಹೆಂಡತಿಯ ಮೊದಲ ಗಂಡನ ಮಗನೊಬ್ಬನಿದ್ದ. ಹನ್ನೊಂದು ವರ್ಷ ಜೊತೆಗೆ ಕೂತರೂ ಗೊಂಬೆಯಕ್ಕನಿಗೆ ಅದು ತಿಳಿದದ್ದು ಅವತ್ತೇ.

ಮಲತಾಯಿ ಎಲ್ಲಿ ಎಂದು ಕೇಳಿ ಎರಡು ತಿಂಗಳು ಕಾಗದ ಬಂದವು. ಅವಕ್ಕೆಲ್ಲ ಉತ್ತರ ಬರೆಯುವ ಕೆಲಸವನ್ನು ಅವಳು ತಾನೇ ಕೇಳಿ ಪಡೆದಳು. ಎಷ್ಟು ಬರೆದರೂ ಮನಸ್ಸು ಹಗುರವಾಗಲಿಲ್ಲ. ಭಾನುವಾರಗಳಲ್ಲಿ ಅಣ್ಣನ ಮನೆಗೆ ಹೋಗುವಳು. ಅತ್ತಿಗೆ ಕೂರಿಸಿ ಮಾತಾಡಿಸುವಳು. ನಗು ಮಾತ್ರ ಅಳೆದು ಸುರಿದಂತೆ. ಇಣಚಿ ಕೇಳಿದ್ದಕ್ಕೆ ಉತ್ತರ ಕೊಟ್ಟು ತನ್ನ ಕೋಣೆಗೆ ಹೋಗುವುದು.

ಬೇಸಿಗೆಯ ಹೊತ್ತಿಗೆ ಒಂದು ದಿನ ಅತ್ತಿಗೆಯೇ ಫೋನು ಮಾಡಿದಳು. “ಬುಧವಾರ ಬುಧವಾರ ಈಜು ಕಲಿಯೋಕೆ ಸೇರಿಸಿದೀನಿ. ಆ ಹೊತ್ತಲ್ಲಿ ನಾನು ಅಂಗಡಿ ಬಿಟ್ಟು ಬರೋಕಾಗಲ್ಲ. ನೀವು ಕರ್ಕೊಂಡ್ ಬರ್ತೀರಾ?” ಅಂಗಡಿಯಲ್ಲಿ ಮಧ್ಯಾಹ್ನ ಇನ್ನಿಬ್ಬರು ಇರುತ್ತಾರೆ ಎಂದು ಗೊಂಬೆಯಕ್ಕನಿಗೆ ಗೊತ್ತಿತ್ತು. “ಬರ್ತೀನಿ” ಎಂದಳು.

ಮೊದಲ ಬುಧವಾರ ಇಣಚಿ ಒದ್ದೆ ಕೂದಲಿನಲ್ಲಿ ಹೊರಗೆ ಬಂದು, ಅತ್ತೆಯನ್ನು ನೋಡಿ, ನಾಲ್ಕು ಹೆಜ್ಜೆ ಮುಂದೆ ಮುಂದೆ ನಡೆಯಿತು. ಗೊಂಬೆಯಕ್ಕ ಹಿಂದೆ ಹಿಂದೆ ಹೋದಳು. ದೊಡ್ಡ ರಸ್ತೆ ಬಂತು, ಬಸ್ಸು, ಲಾರಿ ಒಂದರ ಹಿಂದೊಂದು. ದೊಡ್ಡವರ ಕೈ ಹಿಡಿಯದೆ ರಸ್ತೆ ದಾಟಬಾರದು ಎಂದು ಮನೆಯಲ್ಲಿ ಕಟ್ಟಪ್ಪಣೆ. ಮಗು ಅಂಚಿನಲ್ಲಿ ನಿಂತು, ಆ ಕಡೆ ಈ ಕಡೆ ನೋಡಿತು. ಹಿಂತಿರುಗಿ ನೋಡದೆ, ಹೆಗಲ ಚೀಲದ ಇಳಿಬಿದ್ದ ಪಟ್ಟಿಯ ತುದಿಯನ್ನು ಹಿಂದಕ್ಕೆ ಚಾಚಿತು.

ಗೊಂಬೆಯಕ್ಕ ಆ ತುದಿಯನ್ನು ಬಲಗೈಯಲ್ಲಿ ಹಿಡಿದುಕೊಂಡಳು. ಇಬ್ಬರೂ ರಸ್ತೆ ದಾಟಿದರು.